ಹೊಳಪು ಸತ್ತ ಪುಡಿ

ಜನವರಿ 12

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಫೋನಿನಲ್ಲಿ ನಾನು "ಹ್ಞೂಂ" ಎನ್ನುವುದು ಬಿಟ್ಟರೆ ಬೇರೇನೂ ಹೇಳುವುದಿಲ್ಲವೆಂದು ಬೈದು, ಇನ್ನು ಮೇಲೆ ಕಾಗದ ಬರೆ ಎಂದೆಯಲ್ಲ, ಇಗೋ ಬರೆಯುತ್ತಿದ್ದೇನೆ. ಜೊತೆಗೊಂದು ಪೊಟ್ಟಣವೂ ಇದೆ. ನೀನು ಅದನ್ನು ಬಿಚ್ಚುವ ಮೊದಲು ಅಲುಗಾಡಿಸಿ, ಮೂಸಿ, ಕಿವಿಗಿಟ್ಟು ನೋಡುತ್ತೀಯೆಂದು ಗೊತ್ತು. ಹಗ್ಗ ಕಂಡರೂ ಹಾವೆಂದು ಓಡುವವಳು. ಒಳಗೆ ಟಿಕ್ ಟಿಕ್ ಎನ್ನುತ್ತಿದೆ ಎಂದು ಕಿಟಕಿಯಿಂದಾಚೆ ಎಸೆದುಬಿಡಬೇಡ ತಾಯಿ, ಅದು ವಾಚು.

ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ನಿನಗೆ ಇಪ್ಪತ್ತೈದು ವರ್ಷ ತುಂಬಿತಲ್ಲ, ಅದಕ್ಕೆ ನಮ್ಮಿಬ್ಬರ ಉಡುಗೊರೆ. ಎಪ್ಪತ್ತು ವರ್ಷದ ಹಿಂದೆ ವಿಮಾನ ಓಡಿಸುವವರು ಕಟ್ಟುತ್ತಿದ್ದ ವಾಚಿನ ಪಡಿಯಚ್ಚು ಇದು. ಅಸಲಿ ಬೇಕೆಂದರೆ ಮನೆ ಮಾರಬೇಕು. ಕೇಸನ್ನು ನಾನೇ ಕಡೆದೆ. ಒಳಗಿನ ಮೆಷಿನ್ ಮಾತ್ರ ಅದೇ ಕಂಪನಿಯದು, ಗಾಜು ಒಡೆದು ತುಕ್ಕು ಹಿಡಿದಿದ್ದ ಒಂದು ವಾಚಿನ ಹೊಟ್ಟೆಯಿಂದ ಬಿಚ್ಚಿದ್ದು. ಮುಳ್ಳುಗಳು ಇನ್ನೊಂದರವು, ಕೀ ಮೂರನೆಯದರದು. ಹೊಸ ಮೈ, ಹಳೇ ಜೀವ. ಹಿಂದಿನ ಮುಚ್ಚಳದ ಒಳಗೆ ಸೂಜಿಯಲ್ಲಿ ಮೂರು ಚುಕ್ಕಿ ಕೊರೆದಿದ್ದೇನೆ, ಅದು ನನ್ನ ಗುರುತು. ನಕಲು ಮಾಡುತ್ತೇನೆ, ಆದರೆ ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ.

ಡಯಲ್ ಬರೆದದ್ದು ನಾನಲ್ಲ, ಗುಬ್ಬಿ. ನನ್ನ ಹೆಂಡತಿಯನ್ನು ಮದುವೆಗೆ ಮೊದಲು ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವಳೆಂದು ಸುಮ್ಮನೆ ಹೊಗಳುತ್ತಿರಲಿಲ್ಲ ನೀನು. ನನ್ನ ಬೆರಳು ನಡುಗತೊಡಗಿ ಆರು ವರ್ಷವಾಯಿತು. ಅವತ್ತಿನಿಂದ ಎಲ್ಲ ಡಯಲ್‌ಗಳೂ ಅವಳವೇ. ಎಳ್ಳುಕಾಳಿನಷ್ಟು ಅಂಕಿಯನ್ನು ಒಂದೇ ಉಸಿರಿನಲ್ಲಿ ಬರೆಯುತ್ತಾಳೆ. ಅಂಕಿಗಳಿಗೆ ತುಂಬಿದ ಆ ಕಂದು ಬಣ್ಣ ನೋಡು, ತಳ ಹತ್ತಿದ ಹಾಲಿನ ಹಾಗೆ. ಅದೂ ಆ ಕಾಲದ್ದೇ. ಎಲ್ಲಿಂದ ಬಂತು ಎನ್ನುವುದು ಕಸುಬಿನ ಗುಟ್ಟು, ನಿನಗೂ ಹೇಳುವುದಿಲ್ಲ.

ಹಳೆಯ ವಾಚುಗಳ ಹುಚ್ಚಿನವರು ನಮ್ಮಲ್ಲಿ ಏಳೆಂಟು ಜನ ಇದ್ದಾರೆಂದು ಹೇಳಿದ್ದೆನಲ್ಲ, ಅವರಲ್ಲಿ ಹಿರಿಯರು ಭೂತಗನ್ನಡಿ ಸಾಹೇಬರು. ಕೈಯಲ್ಲಿ ಭೂತಗನ್ನಡಿ ಇಲ್ಲದೆ ಹೆಂಡತಿಯ ಮುಖವನ್ನೂ ನೋಡುವವರಲ್ಲ. ಅವರೇ ನಿನ್ನ ವಾಚನ್ನು ಪರೀಕ್ಷೆ ಮಾಡಿ "ಅಸಲಿ ಮಾಲು ಕಣಯ್ಯಾ!" ಎಂದರು. ಗುಬ್ಬಿ ಆ ದಿನವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು.

ಅವಳಿಗೆ ಹೋದ ವಾರ ಒಂದು ದವಡೆ ಹಲ್ಲು ಕೀಳಿಸಿದೆವು. ನೋವು ಇನ್ನೂ ಪೂರ್ತಿ ಹೋಗಿಲ್ಲ. ಉಳಿದಂತೆ ಕ್ಷೇಮ.

ನಿನ್ನ ತಮ್ಮ


ಜನವರಿ 28

ಪ್ರೀತಿಯ ತಮ್ಮನಿಗೆ,

ಪೊಟ್ಟಣವನ್ನು ಅಲುಗಾಡಿಸಿದ್ದು ನಿಜ. ಮೂಸಲಿಲ್ಲ.

ಬಿಚ್ಚಿ ನೋಡಿ ಅತ್ತುಬಿಟ್ಟೆ ಕಣೋ. ಇಪ್ಪತ್ತೈದು ವರ್ಷ ತುಂಬಿತೆಂದು ಆಸ್ಪತ್ರೆಯವರು ಒಂದು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿ ಕಳಿಸಿದರು. ನೀವಿಬ್ಬರು ಕಣ್ಣು ಬೆರಳು ಸವೆಸಿ ಕೂತಿರಿ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ, ಬೀಳಲಿ ಬಿಡು, ನಾನು ಹೇಗೂ ಹತ್ತು ನಿಮಿಷ ಮೊದಲೇ ಹೊರಡುವವಳು.

ದಿನಕ್ಕೆ ನಲವತ್ತು ಸಲ ಕೈ ತೊಳೆಯುವ ಕೆಲಸ ನನ್ನದು, ಮಣಿಕಟ್ಟಿಗೆ ಕಟ್ಟಲಾಗುವುದಿಲ್ಲ. ಅದಕ್ಕೇ ಏಪ್ರನ್ನಿನ ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಮೈಮೇಲೆ ಎಷ್ಟು ಕಿರಣ ಬಿತ್ತೆಂದು ಅಳೆಯುವ ನಮ್ಮ ಬ್ಯಾಡ್ಜ್ ಗೊತ್ತಲ್ಲ, ತಿಂಗಳಿಗೊಮ್ಮೆ ತಪಾಸಣೆಗೆ ಕಳಿಸುತ್ತಾರೆ, ಅದನ್ನು ಸಿಕ್ಕಿಸುವುದೂ ಅದೇ ಜೇಬಿಗೆ. ಒಂದು ನನ್ನ ಹೊತ್ತು ಕಾಯುತ್ತದೆ, ಇನ್ನೊಂದು ನನ್ನ ಜೀವ ಕಾಯುತ್ತದೆ ಎಂದು ಜೊತೆಯವರಿಗೆ ಹೇಳಿ ಜಂಬ ಕೊಚ್ಚಿಕೊಂಡೆ.

ಗುಬ್ಬಿಗೆ ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳು. ಹಲ್ಲು ಕಿತ್ತ ಗಾಯ ಹತ್ತು ದಿನದಲ್ಲಿ ಮಾಯಬೇಕು, ಇಲ್ಲದಿದ್ದರೆ ತೋರಿಸಿ. ಹೀಗೆಂದರೆ ಮತ್ತೆ ನಗುತ್ತೀರಿ, ನಗಿ.

ನಿನ್ನ ಅಕ್ಕ


ಮಾರ್ಚ್ 21

ತಮ್ಮಾ,

ಈ ಕಾಗದವನ್ನು ಒಬ್ಬನೇ ಓದು. ಗುಬ್ಬಿಗೆ ಈಗಲೇ ಹೇಳಬೇಡ, ಹೆದರುತ್ತಾಳೆ.

ನನ್ನ ಬ್ಯಾಡ್ಜಿನ ವರದಿ ಬಂದಿದೆ. ಇಪ್ಪತ್ತೈದು ವರ್ಷದಲ್ಲಿ ಅದು ಯಾವತ್ತೂ ಸೊನ್ನೆಯ ಆಸುಪಾಸು ದಾಟಿರಲಿಲ್ಲ. ಫೆಬ್ರವರಿಯದು ಮಿತಿ ಮೀರಿದೆ. ಲ್ಯಾಬಿನವರು ತಪ್ಪಿರಬಹುದೆಂದು ಜನವರಿಯದನ್ನು ತೆಗೆಸಿ ನೋಡಿದರೆ ಅದೂ ಏರಿದೆ. ಕಾಗದವನ್ನು ಕೈಗೆ ಕೊಟ್ಟಾಗ ಮೂರು ಸಲ ಓದಿದೆ, ನನ್ನ ಹೆಸರೇನಾ ಎಂದು.

ಕೋಣೆಯನ್ನು ಮುಚ್ಚಿದ್ದಾರೆ. ಗೋಡೆಯ ಸೀಸದ ಹಾಳೆ ಎಲ್ಲೋ ಬಿರಿದಿದೆಯೆಂದು ಒಬ್ಬರು, ಮೆಷಿನ್ ಸೋರುತ್ತಿದೆಯೆಂದು ಇನ್ನೊಬ್ಬರು. ನನ್ನ ಜೊತೆ ಕೆಲಸ ಮಾಡುವ ಇಬ್ಬರ ಬ್ಯಾಡ್ಜ್ ಸರಿಯಾಗಿದೆ, ನನ್ನದೊಂದೇ ಹೀಗೆ. "ನೀವು ಬಾಗಿಲು ಹಾಕೋದು ಮರೀತಿದ್ರೇನೋ ಮೇಡಂ" ಎಂದರು ಮೇಲಿನವರು. ನಾನು! ಬಾಗಿಲನ್ನು ಮೂರು ಸಲ ಎಳೆದು ನೋಡುವವಳು ನಾನು!

ಕೆಲಸದಿಂದ ತೆಗೆದಿಲ್ಲ, ದಾಖಲೆ ಕೋಣೆಯಲ್ಲಿ ಕೂರಿಸಿದ್ದಾರೆ. ಹಳೆಯ ಫೈಲುಗಳ ಧೂಳು, ಒಂದು ಮೇಜು, ಒಂದು ಫ್ಯಾನು. ರಕ್ತ ಪರೀಕ್ಷೆಗೆ ಕೊಟ್ಟಿದ್ದೇನೆ. ಸ್ನಾನ ಮಾಡುವಾಗ ಕುತ್ತಿಗೆ ಸವರಿ ಗಂಟು ಇದೆಯೇನೋ ಎಂದು ಹುಡುಕುತ್ತೇನೆ. ಬಾಚಣಿಗೆಯಲ್ಲಿ ಎಷ್ಟು ಕೂದಲು ಬಂತೆಂದು ನೋಡುತ್ತೇನೆ. ಹಗ್ಗ ನೋಡಿ ಹಾವೆಂದವಳಿಗೆ ಕೊನೆಗೂ ಹಾವೇ ಕಚ್ಚಿತು ನೋಡು. ನನಗೆ ತುಂಬಾ ಭಯವಾಗಿದೆ ಕಣೋ.

ಅಕ್ಕ


ಮಾರ್ಚ್ 30

ಪ್ರೀತಿಯ ಅಕ್ಕನಿಗೆ,

ಕಾಗದ ಓದಿ ಅಂಗಡಿ ಬಾಗಿಲು ಹಾಕಿಬಿಟ್ಟೆ. ಆದರೂ ಹೇಳುತ್ತೇನೆ, ಲ್ಯಾಬಿನವರ ತಪ್ಪೇ ಇರಬೇಕು. ಅಳೆಯುವ ಯಂತ್ರಕ್ಕೂ ಜ್ವರ ಬರುತ್ತದೆ. ನನ್ನ ಅಂಗಡಿಯ ಗೋಡೆಯಲ್ಲಿ ಹದಿನಾಲ್ಕು ಗಡಿಯಾರಗಳಿವೆ, ಹದಿನಾಲ್ಕೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಹಾಗೆಂದು ಸೂರ್ಯ ಹದಿನಾಲ್ಕು ಸಲ ಹುಟ್ಟುತ್ತಾನೆಯೇ?

ರಜೆ ಹಾಕಿ ಇಲ್ಲಿಗೆ ಬಂದುಬಿಡು. ಗುಬ್ಬಿಗೆ ನಾನು ಹೇಳಲಿಲ್ಲ, ನನ್ನ ಮುಖ ನೋಡಿ ಅವಳೇ ಬಾಯಿ ಬಿಡಿಸಿದಳು. ತಾನೇ ಬಂದು ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಚೀಲಕ್ಕೆ ಬಟ್ಟೆ ತುಂಬತೊಡಗಿದ್ದಳು, ಆದರೆ ಅವಳೇ ಸರಿಯಿಲ್ಲ. ಆ ಹಲ್ಲಿನ ಗಾಯ ಇನ್ನೂ ಮಾಯ್ದಿಲ್ಲ. ದವಡೆ ಊದಿಕೊಂಡಿದೆ, ಪಕ್ಕದ ಹಲ್ಲೂ ಅಲುಗಾಡುತ್ತಿದೆ. ಹಲ್ಲಿನ ಡಾಕ್ಟರು ಎರಡು ಸಲ ಔಷಧಿ ಬದಲಿಸಿದರು. ಇಂಥದ್ದನ್ನು ನಾನು ನೋಡೇ ಇಲ್ಲ ಎನ್ನುತ್ತಾರೆ. ಮೆತ್ತಗಿನ ಗಂಜಿ ಕುಡಿದುಕೊಂಡು ಆರಾಮಾಗಿ ಡಯಲ್ ಬರೆಯುತ್ತಿದ್ದಾಳೆ. ಕೆಲಸದಲ್ಲಿ ಕೂತರೆ ನೋವು ಮರೆಯುತ್ತದಂತೆ.

ಧೈರ್ಯವಾಗಿರು. ಆ ಕೋಣೆಗೆ ಹೋಗದಿದ್ದರೂ ವಾಚು ಮಾತ್ರ ಜೇಬಿನಲ್ಲೇ ಇರಲಿ, ನಾವಿಬ್ಬರೂ ಜೊತೆಗಿದ್ದ ಹಾಗೆ.

ನಿನ್ನ ತಮ್ಮ


ಏಪ್ರಿಲ್ 22

ತಮ್ಮಾ,

ಕೂತುಕೊಂಡು ಓದು.

ದಾಖಲೆ ಕೋಣೆಯಲ್ಲಿ ಎಕ್ಸ್-ರೇ ಇಲ್ಲ, ಏನೂ ಇಲ್ಲ. ಕಾಗದ, ಜಿರಳೆ, ನಾನು. ಆದರೂ ಇಲ್ಲಿ ಕೂತ ದಿನ ಕೊಟ್ಟ ಹೊಸ ಬ್ಯಾಡ್ಜ್ ಮತ್ತೆ ಮಿತಿ ಮೀರಿ ಬಂತು. ಕಿರಣ ಅಳೆಯುವ ಮೇಷ್ಟ್ರೊಬ್ಬರನ್ನು ಹೊರಗಿನಿಂದ ಕರೆಸಿದರು. ಅವರು ಕೈಯಲ್ಲಿ ಒಂದು ಯಂತ್ರ ಹಿಡಿದು ಗೋಡೆ, ನೆಲ, ಕಪಾಟು ಎಲ್ಲಾ ಸುತ್ತಿದರು. ಸದ್ದೇ ಇಲ್ಲ. ಹೊರಡುವಾಗ "ಬರ್ತೀನಮ್ಮಾ" ಎಂದು ನನ್ನ ಕಡೆ ತಿರುಗಿದರು ನೋಡು, ಯಂತ್ರ ಕಿರ್ ಎಂದು ಕಿರುಚಿಕೊಂಡಿತು. ನಾನು ಹಿಂದೆ ಸರಿದೆ, ಸದ್ದು ಕಡಿಮೆಯಾಯಿತು. ಅವರು ಹತ್ತಿರ ಬಂದರು, ಮತ್ತೆ ಕಿರುಚಿತು.

"ಜೇಬಲ್ಲೇನಿದೆಯಮ್ಮಾ?" ಎಂದರು.

ನಿನ್ನ ವಾಚು ಕಣೋ. ಮೂರು ತಿಂಗಳು ಬ್ಯಾಡ್ಜಿನ ಹಿಂದೆಯೇ ಕೂತು ಅದಕ್ಕೆ ಉಣ್ಣಿಸುತ್ತಿದ್ದದ್ದು ಆ ಡಯಲ್. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಊರೆಲ್ಲ ಬೆಂಕಿ ಹುಡುಕಿದೆ. ನನ್ನ ರಕ್ತದಲ್ಲಿ ಏನೂ ಇಲ್ಲವಂತೆ, ಮೈ ಹೊರಗಿನಿಂದ ಬಿದ್ದದ್ದು, ಗಾಬರಿ ಬೇಡ ಎಂದರು. ನನಗೆ ನಗು ಬಂತು. ಜೋರಾಗಿ ನಕ್ಕೆ. ಆಮೇಲೆ ಅವರು ಡಯಲ್ಲನ್ನು ನೋಡಿ, "ಇದು ರೇಡಿಯಂ, ಕತ್ತಲಲ್ಲಿ ಹೊಳೀಲಿ ಅಂತ ಆ ಕಾಲದಲ್ಲಿ ಹಚ್ತಿದ್ದ ಪುಡಿ, ಕಿರಣ ಬಿಡತ್ತೆ. ಆದ್ರೆ ಬರೆದಿರೋದು ಹೊಸದಾಗಿದೆಯಲ್ಲ, ಯಾರು ಬರೆದಿದ್ದು?" ಎಂದರು. ನನ್ನ ನಗು ಅಲ್ಲೇ ನಿಂತಿತು.

ನಮ್ಮ ತರಬೇತಿಯಲ್ಲಿ ಓದಿಸಿದ್ದರು. ಹಿಂದಿನ ಕಾಲದಲ್ಲಿ ಇಂಥ ಡಯಲ್ ಬರೆಯುತ್ತಿದ್ದ ಹುಡುಗಿಯರು ಬ್ರಷ್ ಚೂಪು ಮಾಡಲು ತುದಿಯನ್ನು ತುಟಿಯ ನಡುವೆ ಎಳೆಯುತ್ತಿದ್ದರು. ಪುಡಿ ಹೊಟ್ಟೆಗೆ ಹೋಗಿ ಮೂಳೆಗೆ ಸೇರಿಕೊಳ್ಳುತ್ತಿತ್ತು. ಹೊರಗಿದ್ದರೆ ದೂರ ಇಡಬಹುದು, ಮೂಳೆಯೊಳಗೆ ಕೂತರೆ ದೂರ ಇಡುವುದು ಹೇಗೆ? ಮೊದಲು ಹಲ್ಲು ಬೀಳುತ್ತಿತ್ತು. ಕಿತ್ತ ಗಾಯ ಮಾಯುತ್ತಿರಲಿಲ್ಲ. ದವಡೆ ಊದುತ್ತಿತ್ತು.

ಆ ಪುಡಿಯನ್ನು ಎಲ್ಲಿಂದ ತಂದೆ? ಎಲ್ಲಿ ಇಟ್ಟಿದ್ದೀಯ? ಗುಬ್ಬಿ ಬ್ರಷ್ಷನ್ನು ಹೇಗೆ ಚೂಪು ಮಾಡುತ್ತಾಳೆ? ಮೂರಕ್ಕೂ ಉತ್ತರ ಬೇಕು, "ಹ್ಞೂಂ" ಅಲ್ಲ, ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಡಬ್ಬಿಯನ್ನು ಮುಚ್ಚಿಡು, ಕೋಣೆ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಅವಳನ್ನು ನಾಳೆಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ಈ ಬ್ಯಾಡ್ಜಿನ ಬಗ್ಗೆ ಆಸ್ಪತ್ರೆಯ ವಿಚಾರಣೆ ಮುಗಿಯುವವರೆಗೆ ನನಗೆ ಊರು ಬಿಡಲು ಅನುಮತಿ ಇಲ್ಲ, ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬಂದಿರುತ್ತಿದ್ದೆ.

ಅಕ್ಕ


ಮೇ 3

ಅಕ್ಕನಿಗೆ,

ನಿನ್ನ ರಕ್ತ ಸರಿಯಿದೆಯೆಂದು ಓದಿ ಸಮಾಧಾನವಾಯಿತು. ಅಷ್ಟಕ್ಕೇ ಕಾಗದ ನಿಲ್ಲಿಸಬಹುದಿತ್ತು ನೀನು.

ನಾನು ಮೂವತ್ತು ವರ್ಷದಿಂದ ವಾಚು ಬಿಚ್ಚುತ್ತಿರುವವನು. ಪುಡಿ ಎಲ್ಲಿಂದ ಎಂದು ಕೇಳಿದೆ, ಹೇಳುತ್ತೇನೆ. ಹಾಳಾದ ಅಲಾರಂ ಗಡಿಯಾರಗಳು, ಗುಜರಿಗೆ ಬಂದ ವಿಮಾನದ ಮೀಟರುಗಳು, ಅವುಗಳ ಮುಳ್ಳು ಅಂಕಿಗಳಿಂದ ಬ್ಲೇಡಿನಲ್ಲಿ ಕೆರೆದು ವಾರ್ನಿಷಿನಲ್ಲಿ ಕಲಸುತ್ತೇವೆ. ಡಬ್ಬಿ ಮನೆಯ ಕಪಾಟಿನಲ್ಲೇ ಇದೆ. ಅದು ಸತ್ತ ಪುಡಿ ಅಕ್ಕಾ. ಹೊಳಪು ಹೋಗಿ ಐವತ್ತು ವರ್ಷವಾಗಿದೆ. ಬೆಂಕಿ ಆರಿದ ಬೂದಿಯಿಂದ ಯಾರ ಕೈ ಸುಡುತ್ತದೆ?

ಆ ಯಂತ್ರ ಕಿರುಚಿತೆಂದು ದೊಡ್ಡದಾಗಿ ಬರೆದೆಯಲ್ಲ, ಅಂಥದ್ದು ಭೂತಗನ್ನಡಿ ಸಾಹೇಬರ ಹತ್ತಿರವೂ ಇದೆ, ಅಂಗೈ ಅಗಲದ್ದು. ಅವರ ಪರೀಕ್ಷೆಯೇ ಅದು. ಈಗಿನ ಬಣ್ಣವಾದರೆ ಯಂತ್ರ ಮೂಕ, ಆ ಕಾಲದ ಪುಡಿಯಾದರೆ ಸದ್ದು. ಸದ್ದು ಬಂದರೇ ಅಸಲಿ ಎಂದು ನಮ್ಮವರು ಒಪ್ಪುವುದು. ಆ ಸದ್ದಿಗೋಸ್ಕರವೇ ಹಳೇ ಪುಡಿ ಹುಡುಕಿಕೊಂಡು ಗುಜರಿ ಗುಜರಿ ಅಲೆದವನು ನಾನು. ಸಾಹೇಬರ ಮನೆಯಲ್ಲಿ ಅಂಥ ನಲವತ್ತು ವಾಚುಗಳಿವೆ, ಎಪ್ಪತ್ತೆರಡು ವಯಸ್ಸು, ಗುಂಡುಕಲ್ಲಿನ ಹಾಗಿದ್ದಾರೆ.

ಗುಬ್ಬಿಯದು ಬರೀ ಹಲ್ಲುನೋವು. ಅವಳ ತಾಯಿಗೂ ಹಲ್ಲು ಬೇಗ ಹೋಗಿತ್ತು. ಅವಳಿಗೆ ಇದೊಂದನ್ನೂ ಹೇಳಿಲ್ಲ. ದಯವಿಟ್ಟು ನೀನೂ ಹೇಳಬೇಡ.

ತಮ್ಮ


ಮೇ 10

ತಮ್ಮಾ,

ಎರಡು ಪ್ರಶ್ನೆಗೆ ಉತ್ತರ ಬಂತು. ಮೂರನೆಯದಕ್ಕೆ ಬರಲಿಲ್ಲ. ಬ್ರಷ್ಷನ್ನು ಹೇಗೆ ಚೂಪು ಮಾಡುತ್ತಾಳೆ?

ನೀನು ಬರೆಯದಿದ್ದರೂ ನನಗೆ ಗೊತ್ತು. ನಿನ್ನ ಅಂಗಡಿಯ ಬೋರ್ಡನ್ನು ಅವಳು ಬರೆಯುವಾಗ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದವಳು ನಾನು. ಒಂದೊಂದು ಅಕ್ಷರಕ್ಕೂ ಮೊದಲು ಬ್ರಷ್ ತುಟಿಗೆ ಹೋಗುತ್ತಿತ್ತು. ಇಳಿದಾಗ ತುಟಿಯೆಲ್ಲ ನೀಲಿ. ನಾವು ಮೂವರೂ ಎಷ್ಟು ನಕ್ಕಿದ್ದೆವು.

ಹೊಳಪು ಸತ್ತಿರುವುದು ನಿಜ. ಹೊಳೆಯುತ್ತಿದ್ದದ್ದು ಅದರ ಜೊತೆ ಬೆರೆಸಿದ್ದ ಬೇರೆ ಪುಡಿ, ಸುಟ್ಟುಹೋದದ್ದು ಅದು. ರೇಡಿಯಂ ಸತ್ತಿಲ್ಲ. ಸಾವಿರದ ಆರುನೂರು ವರ್ಷ ಕಳೆದರೂ ಅರ್ಧ ಉಳಿದಿರುತ್ತದೆ. ಸತ್ತಿದ್ದರೆ ಸಾಹೇಬರ ಯಂತ್ರ ಕೂಗುತ್ತಿದ್ದದ್ದು ಯಾವುದನ್ನು ಕಂಡು? ಸಾಹೇಬರು ವಾಚು ಕಟ್ಟುತ್ತಾರೆ, ನೆಕ್ಕುವುದಿಲ್ಲ.

ಗುಬ್ಬಿಗೆ ಫೋನ್ ಮಾಡಲು ನಾಲ್ಕು ಸಲ ಕೈಗೆತ್ತಿಕೊಂಡು ಇಟ್ಟಿದ್ದೇನೆ. ಇದು ಗಂಡನ ಬಾಯಿಂದ ಬರಬೇಕಾದ ಮಾತು. ಭಾನುವಾರ ಇಪ್ಪತ್ತೈದನೇ ತಾರೀಖು ನನ್ನ ವಿಚಾರಣೆ ಮುಗಿದಿರುತ್ತದೆ, ಅವತ್ತು ಬೆಳಿಗ್ಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ಅಷ್ಟರೊಳಗೆ ಹೇಳು. ನಿನ್ನ ಮೇಲೆ ಕೋಪವಿಲ್ಲ ಕಣೋ, ಹೆದರಿಕೆ ಅಷ್ಟೇ.

ಅಕ್ಕ


ಮೇ 19

ಅಕ್ಕಾ,

ಉಗುಳಿನಿಂದ. ಒಂದೊಂದು ಅಂಕಿಗೂ ಒಂದೊಂದು ಸಲ ತುಟಿಗೆ. ಒಂದು ಡಯಲ್ಲಿಗೆ ಹನ್ನೆರಡು ಅಂಕಿ. ಆರು ವರ್ಷದಲ್ಲಿ ಎಷ್ಟು ಡಯಲ್ ಎಂದು ಲೆಕ್ಕ ಹಾಕಲು ಕೂತೆ, ಮುಂದೆ ಹೋಗಲಾಗಲಿಲ್ಲ. ಒಂದು ಸಲ ಹೇಳಿದ್ದೆ, "ನೀರಲ್ಲಿ ಅದ್ದೇ, ಏನ್ ಚಟ ಇದು" ಅಂತ. "ಉಗುಳಿಲ್ದೆ ಗೆರೆ ನಿಲ್ಲಲ್ಲ ಕಣ್ರೀ" ಎಂದಳು. ಗೆರೆ ಚೆನ್ನಾಗಿ ಬರುತ್ತಿತ್ತು. ನಾನು ಸುಮ್ಮನಾದೆ.

ಹೊಸ ಡಯಲ್ ನೋಡಬೇಕು ಎಂದು ಸುಳ್ಳು ಹೇಳಿ ಸಾಹೇಬರ ಯಂತ್ರ ತಂದೆ. ಶುಕ್ರವಾರ ಬೆಳಿಗ್ಗೆ ಗುಬ್ಬಿ ತರಕಾರಿಗೆ ಹೋದಾಗ ಮನೆಯೆಲ್ಲ ಸುತ್ತಿದೆ. ಡಬ್ಬಿಯ ಹತ್ತಿರ ಹಿಡಿದರೆ ನಿಲ್ಲಿಸಲಾಗದಷ್ಟು ಸದ್ದು. ಅದು ಗೊತ್ತಿದ್ದದ್ದೇ. ಮೇಜಿಗೆ ಹಿಡಿದೆ, ಸದ್ದು. ಅವಳ ಕುರ್ಚಿಯ ಕೈಗೆ, ಸದ್ದು. ಬ್ರಷ್ಷಿನ ತುದಿಗೆ ಹಿಡಿದಾಗ ಯಂತ್ರವನ್ನು ಕೈಬಿಡುವುದರಲ್ಲಿದ್ದೆ. ಅವಳು ಬಾಯಿ ಮುಕ್ಕಳಿಸುವ ಲೋಟಕ್ಕೂ ಹಿಡಿದೆ. ದಿಂಬಿನ ಬಟ್ಟೆಗೂ ಹಿಡಿದೆ. ಆರು ವರ್ಷ ಈ ಸದ್ದು ಕೇಳಿದರೆ ನನಗೆ ಎದೆಯುಬ್ಬುತ್ತಿತ್ತು ಅಕ್ಕಾ.

ಅವಳು ಒಳಗೆ ಬಂದದ್ದು ಗೊತ್ತಾಗಲಿಲ್ಲ. ಚೀಲ ಕೆಳಗಿಟ್ಟು, "ಏನ್ರೀ, ಮನೇಗೂ ಪರೀಕ್ಷೆನಾ? ನಮ್ಮನೆ ಅಸಲಿನೋ ನಕಲಿನೋ ಅಂತ ನೋಡ್ತಿದ್ದೀರಾ?" ಎಂದಳು. ನಾನು ಯಂತ್ರ ಆರಿಸಲು ಗುಂಡಿ ಹುಡುಕುತ್ತಿದ್ದೆ, ಬೆರಳಿಗೆ ಸಿಗಲಿಲ್ಲ. ಅವಳು ಕೈಯಿಂದ ಕಿತ್ತುಕೊಂಡು ಫೋನಿನ ಹಾಗೆ ಕೆನ್ನೆಗೆ ಹಿಡಿದುಕೊಂಡು "ಹಲೋ" ಎಂದಳು.

ಸದ್ದು ಬಂತು ಅಕ್ಕಾ. ಊದಿದ ಕಡೆಯ ಕೆನ್ನೆಯಿಂದ.

"ನೋಡಿದ್ರಾ, ಅಸಲಿ ಮಾಲು ಕಣ್ರೀ ನಾನು!" ಎಂದು ನಕ್ಕಳು. ನಕ್ಕರೆ ನೋಯುತ್ತದೆ ಎಂದು ದವಡೆ ಒತ್ತಿ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇನ್ನೇನು ಮಾಡಲಿ? ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ದೊಡ್ಡ ಆಸ್ಪತ್ರೆಯಲ್ಲಿ ಸೋಮವಾರ ಇಪ್ಪತ್ತಾರಕ್ಕೆ ಹೆಸರು ಬರೆಸಿದ್ದೇನೆ. ಹಲ್ಲಿಗೆ ಎಂದು ಹೇಳಿದ್ದೇನೆ. ನಿಜ ಹೇಳಲು ಬಾಯಿ ಬರಲಿಲ್ಲ, ದಿನಕ್ಕೆ ಹತ್ತು ಸಲ ಬಾಯಿ ತೆರೆದು ಕಾಫಿ ಕೇಳಿ ಸುಮ್ಮನಾಗುತ್ತೇನೆ. ಭಾನುವಾರ ನೀನು ಬಂದು ಹೇಳು. ನನ್ನ ಕೈಲಾಗುವುದಿಲ್ಲ.

ತಮ್ಮ


ಮೇ 21

ಅಕ್ಕನಿಗೆ ಗುಬ್ಬಿಯ ನಮಸ್ಕಾರಗಳು.

ನಾನು ಯಾವತ್ತೂ ನಿಮಗೆ ಕಾಗದ ಬರೆದವಳಲ್ಲ, ಬೋರ್ಡು ಬರೆದವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಗದಗಳನ್ನು ಇವರು ಖಾಲಿ ಡಯಲ್‌ಗಳ ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದಾರೆ. ಆ ಪೆಟ್ಟಿಗೆಗೆ ದಿನಾ ಕೈ ಹಾಕುವವಳು ನಾನು ಎನ್ನುವುದನ್ನೇ ಮರೆತಿದ್ದಾರೆ, ಪಾಪ. ಏಪ್ರಿಲ್ ಕೊನೆಯಲ್ಲೇ ಓದಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎರಡು ಸಲ ಓದಿದೆ. ಅವತ್ತಿನಿಂದ ಬ್ರಷ್ ಮುಟ್ಟಿಲ್ಲ, ದವಡೆ ನೋವೆಂದು ನೆಪ ಹೇಳುತ್ತಿದ್ದೇನೆ. ಕನ್ನಡಿಯ ಮುಂದೆ ಬಾಯಿ ತೆರೆಯಲು ಭಯವಾಗುತ್ತದೆ ಅಕ್ಕಾ. ನಾಲಿಗೆಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ, ಎಲ್ಲಾ ಇವೆಯಾ ಎಂದು ನೋಡಿಕೊಂಡೇ ಮಲಗುತ್ತೇನೆ.

ಶುಕ್ರವಾರ ಮನೆಗೆ ಬಂದಾಗ ಇವರು ನನ್ನ ದಿಂಬಿನ ಮೇಲೆ ಆ ಯಂತ್ರ ಹಿಡಿದು ನಿಂತಿದ್ದರು. ಮುಖ ಸುಣ್ಣದ ಗೋಡೆಯಾಗಿತ್ತು. ಅವರೇ ಬಿದ್ದುಹೋಗುತ್ತಾರೇನೋ ಎಂದು ಹೆದರಿ, ಕಿತ್ತುಕೊಂಡು ತಮಾಷೆ ಮಾಡಿದೆ. ಅಸಲಿ ಮಾಲು ಎಂದೆ. ಅವರು ನಕ್ಕರು. ಪರವಾಗಿಲ್ಲ, ಒಂದು ಗಳಿಗೆಯಾದರೂ ನಕ್ಕರಲ್ಲ.

ನಾನು ಬರೆಯುತ್ತಿರುವುದು ಅದಕ್ಕಲ್ಲ. ನೀವು ಬ್ರಷ್ಷಿನ ವಿಷಯ ಕೇಳಿದಿರಿ, ಬ್ಲೇಡಿನ ವಿಷಯ ಕೇಳಲಿಲ್ಲ. ಕೆರೆಯುವುದು ಇವರ ಕೆಲಸ. ಕಣ್ಣಿಗೆ ಮಸೂರ ಸಿಕ್ಕಿಸಿ, ಮೂಗನ್ನು ಡಯಲ್ಲಿಗೆ ತಾಗಿಸಿ ಕೆರೆಯುತ್ತಾರೆ. ಎರಡು ಸಲ ಕೆರೆದು ಒಂದು ಸಲ ಉಫ್ ಎಂದು ಊದುತ್ತಾರೆ. ಧೂಳು ಬಿಸಿಲುಕೋಲಿನಲ್ಲಿ ಹಾರಾಡುತ್ತದೆ, ಅದರಲ್ಲೇ ಉಸಿರಾಡುತ್ತಾರೆ. ಹೋದ ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಕೆಮ್ಮು. ಹವಾ ಬದಲಾಯಿತು ಎನ್ನುತ್ತಾರೆ.

ಆ ಯಂತ್ರವನ್ನು ದಿಂಬಿಗೆ ಹಿಡಿದರು, ನನ್ನ ಕೆನ್ನೆಯ ಸದ್ದು ಕೇಳಿದರು, ತಮಗೆ ಮಾತ್ರ ಹಿಡಿದುಕೊಳ್ಳಲಿಲ್ಲ. ಅದು ಅವರ ತಲೆಗೇ ಬಂದಿಲ್ಲ. ನಿನ್ನೆ ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ನಾನೇ ಅವರ ಎದೆಗೆ ಹಿಡಿದು ನೋಡಿದೆ. ಅಂಗಿಯ ಧೂಳಿರಬಹುದೆಂದು ಮೊದಲು ಒಗೆದ ಅಂಗಿ ಹಾಕಿಸಿದ್ದೆ. ಆದರೂ ಸದ್ದು ಬಂದಿತು. ಅವರು ಎಚ್ಚರವಾಗುವ ಮೊದಲು ಸೆರಗಿನಲ್ಲಿ ಸುತ್ತಿಟ್ಟೆ.

ಅವರಿಗೆ ಹೇಳಿಲ್ಲ. ನನ್ನದನ್ನು ಅವರು ನನಗೆ ಹೇಳಿಲ್ಲ, ಅವರದನ್ನು ನಾನು ಅವರಿಗೆ ಹೇಳಿಲ್ಲ. ದಿನಾ ಎದುರುಬದುರು ಕೂತು ಗಂಜಿ ಕುಡಿದು, ಇವತ್ತು ಸೆಕೆ ಜಾಸ್ತಿ ಎನ್ನುತ್ತೇವೆ.

ಸೋಮವಾರದ ಆಸ್ಪತ್ರೆಯ ಚೀಟಿಯಲ್ಲಿ ನನ್ನ ಹೆಸರೊಂದೇ ಇದೆ. ಅದರ ಕೆಳಗೆ ಇವರ ಹೆಸರನ್ನೂ ಬರೆಸಬೇಕು. ಭಾನುವಾರ ಬಂದು ಇಬ್ಬರನ್ನೂ ಕೂರಿಸಿ ನೀವೇ ಹೇಳಿ ಅಕ್ಕಾ. ಈ ಸಲ ನಾವು ಯಾರೂ ನಗುವುದಿಲ್ಲ.

ನಿಮ್ಮ
ಗುಬ್ಬಿ